ಗಂಜಿ, ಗಡಿಯಾರ ಮತ್ತು ಕಿಣ್ವ

ಹಿಂಗಾರಿನ ದಿನಗಳಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಪ್ರಯಾಣ ಮಾಡುವವರಿಗೆ ದಾರಿಯ ಮಗ್ಗುಲಲ್ಲಿ ಜೋಳದ ಹೊಲಗಳು ಕಾಣುವುವು. ಈ ಸೀಮೆಯಲ್ಲಿ ಜೋಳದ ರೊಟ್ಟಿಯಿಲ್ಲದೆ ಊಟವಿಲ್ಲ. ದೊಡ್ಡವರಿಗೆ ರೊಟ್ಟಿಯಾಗುವ ಅದೇ ಹಿಟ್ಟು ಹಲ್ಲು ಮೂಡದ ಕೂಸಿಗೆ ಗಂಜಿಯಾಗುವುದು. ಆದರೆ ಗಂಜಿ ಕಾಸುವ ತಾಯಿಗೆ ಒಂದು ತೊಡಕು ಎದುರಾಗುತ್ತದೆ. ಹಿಟ್ಟು ಹೆಚ್ಚಾದರೆ ಗಂಜಿ ಗಟ್ಟಿಯಾಗಿ ಮಗು ಅದನ್ನು ನುಂಗಲಾರದು. ನೀರು ಹೆಚ್ಚಾದರೆ ಹೊಟ್ಟೆ ತುಂಬುವುದೇ ಹೊರತು ಮೈಗೆ ಹತ್ತುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 8 ಕಿಲೋಗ್ರಾಂ ತೂಕದ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಸುಮಾರು 240 ಮಿಲಿಲೀಟರ್ ಹಿಡಿಯುತ್ತದೆ. ಮಗು ಸುಲಭವಾಗಿ ನುಂಗಬಲ್ಲ ತೆಳು ಗಂಜಿಯಲ್ಲಿ ನೂರಕ್ಕೆ 5 ಪಾಲು ಹಿಟ್ಟಿದ್ದರೆ, ಆ 240 ಮಿಲಿಲೀಟರಿನಲ್ಲಿ ಇರುವುದು 12 ಗ್ರಾಂ ಹಿಟ್ಟು. ಒಂದು ಗ್ರಾಂ ಹಿಟ್ಟಿನಿಂದ ಸುಮಾರು 3.5 ಕಿಲೋಕ್ಯಾಲರಿ ದೊರೆಯುವುದೆಂದು ಹಿಡಿದರೆ, ಮಗುವಿಗೆ ದಕ್ಕಿದ್ದು 42 ಕಿಲೋಕ್ಯಾಲರಿ ಮಾತ್ರ. ಅಷ್ಟೇ ಗಂಜಿಯಲ್ಲಿ ನೂರಕ್ಕೆ 15 ಪಾಲು ಹಿಟ್ಟನ್ನು ಇರಿಸಿ, ಅದು ತೆಳ್ಳಗೂ ಇರುವಂತೆ ಮಾಡಲು ಸಾಧ್ಯವಾದರೆ, ಇದರ ಮೂರರಷ್ಟು, ಅಂದರೆ 126 ಕಿಲೋಕ್ಯಾಲರಿ ದೊರೆಯುವುದು.

ಇದು ಸಾಧ್ಯ. ಬೆಂದ ಗಟ್ಟಿ ಗಂಜಿಗೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಹಿಟ್ಟನ್ನು ಸ್ವಲ್ಪ ಬೆರೆಸಿ ಕಲಕಿದರೆ, ಕೆಲವೇ ನಿಮಿಷಗಳಲ್ಲಿ ಅದು ಕಣ್ಣೆದುರಿಗೇ ನೀರಾಗುವುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆಯ ರಾಗಿ ಮತ್ತು ಹೆಸರುಕಾಳುಗಳಿಂದ ಇಂತಹ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು.

ಎಷ್ಟು ಮೊಳಕೆ ಹಿಟ್ಟಿಗೆ ಎಷ್ಟು ಹೊತ್ತು ಕಾಯಬೇಕು? ಅಡುಗೆಮನೆಯ ಈ ಪ್ರಶ್ನೆಯೇ ಕಿಣ್ವಶಾಸ್ತ್ರದ ಮೂಲಭೂತ ಪ್ರಶ್ನೆಗಳಲ್ಲಿ ಒಂದು.

ಮೊಳಕೆಯೊಳಗಿನ ಕತ್ತರಿ

ಪಿಷ್ಟವೆಂಬುದು ಗ್ಲೂಕೋಸಿನ ಸಾವಿರಾರು ಕೊಂಡಿಗಳು ಸೇರಿ ಆದ ಸರಪಳಿ. ಬೇಯಿಸಿದಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುವುವು. ಗಂಜಿ ಮಂದವಾಗಲು ಇದೇ ಕಾರಣ. ಮೊಳೆಯುತ್ತಿರುವ ಕಾಳಿಗೆ ತನ್ನ ಎಳೆಯ ಸಸಿಯನ್ನು ಪೋಷಿಸಬೇಕಾಗಿದೆ. ಆದುದರಿಂದ ಅದು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿ, ಕೂಡಿಟ್ಟ ಪಿಷ್ಟವನ್ನು ತುಂಡರಿಸಿಕೊಳ್ಳುತ್ತದೆ. ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಎಂಬವರು 1833ರಲ್ಲಿ ಮೊಳಕೆಯ ಬಾರ್ಲಿಯಿಂದ ಈ ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಕಿಣ್ವವು ಪ್ರೋಟೀನೆಂಬುದು ತಿಳಿದುಬರಲು ಬಹುಕಾಲ ಹಿಡಿಯಿತು. ಅಮೆರಿಕೆಯ ಸಮ್ನರ್ 1926ರಲ್ಲಿ ಒಂದು ಜಾತಿಯ ಅವರೆಯ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿ ಪಡೆದು ಇದನ್ನು ತೋರಿಸಿದನು. 1946ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ದೊರೆಯಿತು.

ಪ್ರಯೋಗ

ಕಿಣ್ವದ ಪ್ರಮಾಣಕ್ಕೂ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ಕಾಣಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಜೋಳವನ್ನು ಒಂದು ರಾತ್ರಿ ನೆನೆಯಿಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೂರು ದಿನ ಮೊಳೆಯಲು ಬಿಡಬೇಕು. ಬಳಿಕ ಒಣಗಿಸಿ, ಮೊಳಕೆ ಮತ್ತು ಬೇರುಗಳನ್ನು ಉಜ್ಜಿ ತೆಗೆದು ಬೀಸಬೇಕು. ಹೀಗೆ ಉಜ್ಜಿ ತೆಗೆಯುವುದಕ್ಕೆ ಕಾರಣವುಂಟು. ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಸಾಯುವುದನ್ನು ನಮ್ಮ ರೈತರು ಬಲ್ಲರು. ಸಯನೈಡ್ ವಿಷವನ್ನು ಬಿಡುವ ಅದೇ ವಸ್ತು ಜೋಳದ ಮೊಳಕೆಯಲ್ಲಿಯೂ ಇರುತ್ತದೆ. ಆದುದರಿಂದ ಪ್ರಯೋಗದ ಹಿಟ್ಟನ್ನು ಯಾರೂ ತಿನ್ನಕೂಡದು.

ಈ ಹಿಟ್ಟಿನ 10 ಗ್ರಾಮನ್ನು 100 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿದರೆ ಕಿಣ್ವದ ರಸ ಸಿದ್ಧ. ಇನ್ನೊಂದು ಪಾತ್ರೆಯಲ್ಲಿ 1 ಗ್ರಾಂ ಮೆಕ್ಕೆಜೋಳದ ಪಿಷ್ಟವನ್ನು 100 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಆರಿಸಬೇಕು. ನಾಲ್ಕು ಪ್ರನಾಳಗಳಲ್ಲಿ ಕ್ರಮವಾಗಿ 4, 3, 2, 1 ಮಿಲಿಲೀಟರ್ ರಸವನ್ನು ಹಾಕಿ, ಪ್ರತಿಯೊಂದರಲ್ಲಿಯೂ ಒಟ್ಟು 4 ಮಿಲಿಲೀಟರ್ ಆಗುವಂತೆ ನೀರು ಬೆರೆಸಬೇಕು. ಐದನೆಯದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ರಸವಿರಲಿ. ಎಲ್ಲವನ್ನೂ ಒಂದೇ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಉಷ್ಣತೆ ಸಮನಾಗಿರುವುದು. ಪ್ರತಿಯೊಂದಕ್ಕೂ 10 ಮಿಲಿಲೀಟರ್ ಪಿಷ್ಟದ ದ್ರಾವಣವನ್ನು ಸುರಿದೊಡನೆ ಗಡಿಯಾರವನ್ನು ನೋಡಿಕೊಳ್ಳಬೇಕು. ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿಯನ್ನು ತೆಗೆದು, ಬಿಳಿಯ ತಟ್ಟೆಯ ಮೇಲಿಟ್ಟ ಅಯೋಡಿನ್ ಹನಿಗೆ ಸೇರಿಸಬೇಕು. ಪಿಷ್ಟವಿರುವವರೆಗೆ ನೀಲಿ ಬಣ್ಣ ಮೂಡುವುದು. ಅಯೋಡಿನ್ನಿನ ಕಂದು ಬಣ್ಣವೇ ಉಳಿದ ಕ್ಷಣ ಪಿಷ್ಟ ತೀರಿತೆಂದು ಅರ್ಥ. ಕುದಿಸಿದ ರಸವಿರುವ ಪ್ರನಾಳದಲ್ಲಿ ಮಾತ್ರ ನೀಲಿ ಹೋಗುವುದೇ ಇಲ್ಲ.

ಅಂಕಿಗಳು ಹೇಳುವುದೇನು?

4 ಮಿಲಿಲೀಟರ್ ರಸಕ್ಕೆ 3 ನಿಮಿಷ ಹಿಡಿಯಿತೆಂದು ಭಾವಿಸೋಣ. ಕಿಣ್ವದ ಪ್ರಮಾಣಕ್ಕೆ ತಕ್ಕಂತೆ ವೇಗವಿದ್ದರೆ, 3 ಮಿಲಿಲೀಟರಿಗೆ 4 ನಿಮಿಷ, 2ಕ್ಕೆ 6, 1ಕ್ಕೆ 12 ನಿಮಿಷ ಹಿಡಿಯಬೇಕು. ಪ್ರತಿಯೊಂದು ಜೋಡಿಯನ್ನು ಗುಣಿಸಿದರೂ ಬರುವುದು 12. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯ: ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಬದಲಾಗದೆಂಬ ಬಾಯಲನ ನಿಯಮದ ರೂಪವೂ ಇದೇ. ವೇಗವೆಂದರೆ ಕಾಲದ ವಿಲೋಮ. ಆದುದರಿಂದ ಕಾಲದ ಬದಲು ಅದರ ವಿಲೋಮವನ್ನು ನಕ್ಷೆಯಲ್ಲಿ ಗುರುತಿಸಿದರೆ, ಮೂಲಬಿಂದುವಿನ ಮೂಲಕ ಹಾಯುವ ಸರಳರೇಖೆ ದೊರೆಯುವುದು.

ಹುಮನಾಬಾದಿನ ಅಡತ್ ಅಂಗಡಿಯ ಮುಂದೆ ತೊಗರಿ ಚೀಲಗಳ ಲಾರಿ ನಿಂತಿರುವುದನ್ನು ನೆನೆಯೋಣ. ಇಬ್ಬರು ಹಮಾಲರ ಬದಲು ನಾಲ್ವರು ಬಂದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುವುದು. ಹಮಾಲರು ಅಷ್ಟೇ ಇದ್ದು ಚೀಲಗಳು ಮಾತ್ರ ಹೆಚ್ಚಾದರೆ, ನಿಮಿಷಕ್ಕೆ ಇಳಿಯುವ ಚೀಲಗಳು ಹೆಚ್ಚುವುದಿಲ್ಲ; ಎಲ್ಲರ ಬೆನ್ನೂ ಆಗಲೇ ತುಂಬಿದೆ. ಕಿಣ್ವವೂ ಹೀಗೆಯೇ. ಪಿಷ್ಟವನ್ನು ಹೆಚ್ಚಿಸುತ್ತ ಹೋದರೆ ವೇಗ ಒಂದು ಮಿತಿಗೆ ಬಂದು ನಿಲ್ಲುವುದು. ಈ ಬಗೆಯ ಮಿತಿಯನ್ನು ಗಣಿತದ ಸೂತ್ರಕ್ಕೆ ತಂದವರು 1913ರಲ್ಲಿ ಮಿಕೇಲಿಸ್ ಮತ್ತು ಮೆಂಟೆನ್. ಹಮಾಲರು ಚೀಲಗಳಿಗಿಂತ ಹೆಚ್ಚಾದರೂ ಲಾಭವಿಲ್ಲ. ಹೆಚ್ಚಿನವರು ಸುಮ್ಮನೆ ನಿಲ್ಲುವರು.

ನಿಜವಾದ ಪ್ರಯೋಗದಲ್ಲಿ ಅಂಕಿಗಳು ಇಷ್ಟು ಸೊಗಸಾಗಿ ಒದಗುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಪರೀಕ್ಷಿಸುವಾಗ ಅರ್ಧ ನಿಮಿಷದ ತಪ್ಪು ಸಹಜ. 12 ನಿಮಿಷದಲ್ಲಿ ಅದು ಇಪ್ಪತ್ತನಾಲ್ಕನೆಯ ಒಂದು ಪಾಲು; 3 ನಿಮಿಷದಲ್ಲಿ ಆರನೆಯ ಒಂದು ಪಾಲು. ನೀಲಿ ಬಣ್ಣ ತೀರ ಬೇಗ ಮಾಯವಾದರೆ ರಸಕ್ಕೆ ಮೊದಲೇ ನೀರು ಬೆರೆಸಿ, ಪುನಃ ಆರಂಭಿಸುವುದು ಒಳ್ಳೆಯದು.

ಇನ್ನೊಂದು ಮಾತು. ಅತಿ ಕಡಮೆ ಕಿಣ್ವವಿರುವ ಪ್ರನಾಳಕ್ಕೆ 12ರ ಬದಲು 15 ನಿಮಿಷ ಹಿಡಿದರೆ, ಆ ಬಿಂದುವನ್ನು ಅಳಿಸಿ ರೇಖೆಯ ಮೇಲೆ ಕೂರಿಸುವ ಆಸೆ ವಿದ್ಯಾರ್ಥಿಗಳಿಗೆ ಉಂಟಾಗುವುದು. ಹಾಗೆ ಮಾಡಕೂಡದು. ಪ್ರಯೋಗವನ್ನು ಪುನಃ ಪುನಃ ಮಾಡಿದರೂ ಅದೇ ಫಲ ಬಂದರೆ, ಕಾಯುವ ಹೊತ್ತಿನಲ್ಲಿ ಕಿಣ್ವವೇ ಕೆಡುತ್ತಿರಬಹುದೆಂಬ ಸುಳಿವು ಅದರಲ್ಲಿದೆ. ಸೆಲ್ವಿನ್ ಎಂಬ ವಿಜ್ಞಾನಿ 1965ರಲ್ಲಿ ಪ್ರಮಾಣ ಮತ್ತು ಕಾಲಗಳ ಈ ಗುಣಲಬ್ಧವನ್ನೇ ಒರೆಗಲ್ಲಾಗಿಸಿ, ಕಿಣ್ವ ಕೆಡುತ್ತಿದೆಯೇ ಎಂದು ತಿಳಿಯುವ ಸರಳ ಪರೀಕ್ಷೆಯನ್ನು ಸೂಚಿಸಿದನು. ನಾವು ಅಳಿಸಬೇಕೆಂದಿದ್ದ ಬಿಂದುವೇ ಹೊಸ ಸಂಗತಿಯನ್ನು ಹೇಳುತ್ತಿತ್ತು.

ಮತ್ತೆ ಅಡುಗೆಮನೆಗೆ

ನಾವು ಮೊದಲ ಸಲ ಗಂಜಿಯ ಮೇಲೆ ಇದನ್ನು ಪರೀಕ್ಷಿಸಿದಾಗ, ಕುದಿಯುವ ಪಾತ್ರೆಗೇ ಮೊಳಕೆ ಹಿಟ್ಟನ್ನು ಸುರಿದೆವು. ಗಂಜಿ ಗಟ್ಟಿಯಾಗಿಯೇ ಉಳಿಯಿತು. ಕಾಳು ಸರಿಯಿಲ್ಲವೆಂದು ದೂರಿ, ಇನ್ನಷ್ಟು ಹಿಟ್ಟು ಹಾಕಿದೆವು, ಫಲವಾಗಲಿಲ್ಲ. ಐದನೆಯ ಪ್ರನಾಳದ ಪಾಠವನ್ನು ನಾವೇ ಮರೆತಿದ್ದೆವು. ಕುದಿತಕ್ಕೆ ಕಿಣ್ವದ ರಚನೆ ಕೆಡುವುದು. ಕೆಟ್ಟ ಕಿಣ್ವ ಎಷ್ಟಿದ್ದರೂ ಸೊನ್ನೆಯೇ.

ಆದುದರಿಂದ ಗಂಜಿಯನ್ನು ಬೇಯಿಸಿ, ಒಲೆಯಿಂದ ಇಳಿಸಿ, ಕುದಿ ಆರಿದ ಮೇಲೆ, ಬಿಸಿಯಿರುವಾಗಲೇ ಮೊಳಕೆ ಹಿಟ್ಟನ್ನು ಬೆರೆಸಬೇಕು. ಮನೆಯ ಬಳಕೆಗೆ ರಾಗಿಯ ಮೊಳಕೆ ಹಿಟ್ಟು ತಕ್ಕುದು. ಹಿಟ್ಟು ಅರ್ಧವಾದರೆ ಸುಮಾರು ಎರಡರಷ್ಟು ಹೊತ್ತು ಕಾಯಬೇಕು. ಅಷ್ಟರಲ್ಲಿ ಗಂಜಿ ಆರಿಹೋದರೆ ಕ್ರಿಯೆ ಇನ್ನೂ ನಿಧಾನವಾಗುವುದು. ತೆಳ್ಳಗಾದ ಮೇಲೆ ಮತ್ತೊಮ್ಮೆ ಕುದಿಸಿದರೆ ಹಿಟ್ಟಿನೊಡನೆ ಬಂದಿರಬಹುದಾದ ರೋಗಾಣುಗಳು ಸಾಯುವುವು. ಅಷ್ಟು ಹೊತ್ತಿಗೆ ಕಿಣ್ವದ ಕೆಲಸವೂ ಮುಗಿದಿರುವುದು.

ಅನುಭವದ ಹೆಸರನ್ನೇ ಮಂಟಪಕ್ಕೆ ಇಟ್ಟ ಊರು ಬಸವಕಲ್ಯಾಣ. ಆ ಸೀಮೆಯ ವಿದ್ಯಾರ್ಥಿಗಳು ಮನೆಯ ಜೋಳ, ಐದು ಪ್ರನಾಳ ಮತ್ತು ಒಂದು ಗಡಿಯಾರದೊಡನೆ ಈ ನಿಯಮವನ್ನು ತಾವೇ ಪರೀಕ್ಷಿಸಿ ನೋಡಲಿ. ಪುಸ್ತಕದಲ್ಲಿ ಓದಿದ ಸರಳರೇಖೆಗಿಂತ, ತಮ್ಮ ಕೈಯಿಂದ ಗುರುತಿಸಿದ ನಾಲ್ಕು ಬಿಂದುಗಳು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುವು.