ದೂರು ಎದುರಾಳಿಯದು, ತೀರ್ಪು ಯಾರದು?

ಹೈಸ್ಕೂಲಿನಿಂದಲೂ ನಾನು ಆರ್ಸೆನಲ್ ಅಭಿಮಾನಿ. ಹಣಕಾಸು ನಿಯಮ ಮುರಿದ ಆರೋಪದಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2020ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ತನ್ನ ಟೂರ್ನಿಗಳಿಂದ ಎರಡು ಋತು ಹೊರಗಿಟ್ಟಾಗ, ಪಿಯುಸಿ ಹಾಸ್ಟೆಲ್‌ನಲ್ಲಿ ಗೆಳೆಯರಿಗೆಲ್ಲ ಚಹಾ ಕೊಡಿಸಿದ್ದೆ.

ಸಿಟಿ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಿತು. ನಿಷೇಧಕ್ಕೆ ತಡೆ ಕೊಡಬೇಡಿ ಎಂದು ಆರ್ಸೆನಲ್ ಸೇರಿ ಇಂಗ್ಲೆಂಡಿನ ಒಂಬತ್ತು ಕ್ಲಬ್‌ಗಳು ಮಂಡಳಿಗೆ ಪತ್ರ ಬರೆದವು. ತಮಾಷೆಯೆಂದರೆ, ಸಿಟಿ ತಡೆ ಕೇಳಿಯೇ ಇರಲಿಲ್ಲ! ಸಿಟಿ ಹೊರಬಿದ್ದರೆ ಲೀಗ್‌ನಲ್ಲಿ ಐದನೇ ಸ್ಥಾನ ಪಡೆದವರಿಗೂ ಚಾಂಪಿಯನ್ಸ್ ಲೀಗ್ ಬಾಗಿಲು ತೆರೆಯುತ್ತಿತ್ತು. ಜುಲೈನಲ್ಲಿ ನಿಷೇಧ ರದ್ದಾಯಿತು. ಕೆಲವು ಆರೋಪ ಸಾಬೀತಾಗಲಿಲ್ಲ, ಕೆಲವು ಕಾಲಮಿತಿ ಮೀರಿದ್ದವು. ತನಿಖೆಗೆ ಸಹಕರಿಸದ್ದಕ್ಕೆ 1 ಕೋಟಿ ಯೂರೊ ದಂಡವಷ್ಟೇ ಉಳಿಯಿತು.

‘ನಿಮ್ಮವರದು ಬರೀ ಹೊಟ್ಟೆಕಿಚ್ಚು ಕಣೋ’ ಎಂದು ಸಿಟಿ ಅಭಿಮಾನಿ ಗೆಳೆಯ ಫೋನಿನಲ್ಲೇ ಛೇಡಿಸಿದ. ನನಗೆ ಅಂತರ ಕಾಲೇಜು ಟೂರ್ನಿ ನೆನಪಾಯಿತು. ಸೆಮಿಫೈನಲ್‌ನಲ್ಲಿ ಸೋತ ಮೇಲೆ, ಎದುರಾಳಿ ಗೋಲ್‌ಕೀಪರ್ ಆ ಕಾಲೇಜಿನವನೇ ಅಲ್ಲ ಎಂದು ನಾವು ದೂರು ಕೊಟ್ಟಿದ್ದೆವು. ವಿಷಯ ಪಂದ್ಯಕ್ಕೆ ಮುಂಚೆಯೇ ಗೊತ್ತಿತ್ತು. ಗೆದ್ದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹಾಗಂತ ಎದುರಾಳಿಗಳು ಸುಮ್ಮನಿರಬೇಕೇ? 2021–22ರಲ್ಲಿ 35 ಅಂಕ ಗಳಿಸಿದ ಬರ್ನ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. 39 ಅಂಕದ ಎವರ್ಟನ್ ಉಳಿದುಕೊಂಡಿತು. ಆ ಋತುವಿಗೆ ಕೊನೆಗೊಂಡ ಲೆಕ್ಕದ ಅವಧಿಯಲ್ಲಿ ಎವರ್ಟನ್ 10.5 ಕೋಟಿ ಪೌಂಡ್ ನಷ್ಟದ ಮಿತಿ ಮೀರಿತ್ತೆಂದು ತೀರ್ಮಾನವಾಗಿದ್ದು 2023ರ ನವೆಂಬರ್‌ನಲ್ಲಿ. ಮೊದಲು 10 ಅಂಕ ಕಡಿತ, ಮೇಲ್ಮನವಿಯ ನಂತರ 6. ಆದರೆ ಅದು 2023–24ರ ಲೆಕ್ಕಕ್ಕೆ. ನಾಲ್ಕೇ ಅಂಕದಿಂದ ಹಿಂದುಳಿದಿದ್ದ ಬರ್ನ್ಲಿಗೆ ಕಳೆದ ಋತು ವಾಪಸ್ ಬರಲಿಲ್ಲ. ಅದು ಪರಿಹಾರ ಕೇಳಿದ್ದನ್ನು ಹೊಟ್ಟೆಕಿಚ್ಚು ಎನ್ನಲಾರೆ.

ಪ್ರೀಮಿಯರ್ ಲೀಗ್‌ನ ಒಡೆಯರು 20 ಕ್ಲಬ್‌ಗಳೇ. 14 ಮತ ಬಿದ್ದರೆ ನಿಯಮವನ್ನೂ ಬದಲಿಸಬಹುದು. ಅದಕ್ಕೇ ನಿಯಮ ಮುರಿದ ಪ್ರಕರಣಗಳ ತೀರ್ಪು ಸ್ವತಂತ್ರ ಆಯೋಗದ ಕೈಯಲ್ಲಿರುವುದು ಮುಖ್ಯ. ನಷ್ಟವಾದವರು ದೂರು ಕೊಡಲಿ. ತೀರ್ಪು ಕೊಡುವವರು ಲೆಕ್ಕಪತ್ರ ನೋಡಲಿ, ದೂರುದಾರರ ಮುಖವನ್ನಲ್ಲ.

ನಮ್ಮ ದೂರು ಏನಾಯಿತು ಅಂತೀರಾ? ಆಯೋಜಕರು ದಾಖಲೆ ತರಿಸಿ ನೋಡಿದರು, ಎದುರಾಳಿ ತಂಡವನ್ನು ಹೊರಗಿಟ್ಟರು. ಆಮೇಲೆ ನಮ್ಮತ್ತ ತಿರುಗಿ, ‘ಈಗ ನಿಮ್ಮ ಐಡಿ ಕಾರ್ಡ್‌ಗಳನ್ನೂ ತೆಗೀರಿ’ ಎಂದರು. ಅಂದು ಸಿಟ್ಟು ಬಂದಿತ್ತು. ಇಂದು, ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ.