ನನ್ನ ರಾಗಿ ಹೊಲ 'ಬೀಳು' ಎಂದು ಬರೆದಿತ್ತು!

2024ರ ಮೇ ತಿಂಗಳು. ಬರ ಪರಿಹಾರದ ಬಾಕಿ ಹಣ ಬ್ಯಾಂಕಿಗೆ ಬಿದ್ದಿದೆ ಅಂತ ಊರೆಲ್ಲಾ ಸುದ್ದಿ. ನಾನೂ ಪಾಸ್‌ಬುಕ್ ಹಿಡಿದುಕೊಂಡು ಹೋದೆ. ಜನವರಿಯಲ್ಲಿ ಬಂದಿದ್ದ 2,000 ರೂಪಾಯಿ ಸೇರಿ ನನ್ನ ಲೆಕ್ಕಕ್ಕೆ ಒಟ್ಟು 6,880 ರೂಪಾಯಿ ಬಂದಿತ್ತು. ಪಕ್ಕದ ಹೊಲದ ನನ್ನ ದಾಯಾದಿಗೆ 12,000ಕ್ಕೂ ಮೇಲೆ. ಇಬ್ಬರದೂ ಮೂರೂವರೆ ಎಕರೆ. ಇಬ್ಬರೂ ಹಾಕಿದ್ದು ರಾಗಿ. ಇಬ್ಬರ ರಾಗಿಯೂ ಅದೇ ಬಿಸಿಲಿಗೆ ಒಣಗಿದ್ದು. ಹಾಗಿದ್ದ ಮೇಲೆ ನನಗೇಕೆ ಕಮ್ಮಿ?

ನಮ್ಮದು ಮೈಸೂರಿನಿಂದ ಒಂದು ಗಂಟೆ ಬಸ್ ದಾರಿ. ನಾಲೆ ನೀರಿಲ್ಲ, ಕೊಳವೆ ಬಾವಿ ಕೊರೆಸುವ ಶಕ್ತಿ ನನಗಿಲ್ಲ. ರಾಗಿ, ಅವರೆ, ಹುರುಳಿ, ಅಂಚಿಗೆ ಒಂದಿಷ್ಟು ಜೋಳ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ. ಆ ಲೆಕ್ಕದಲ್ಲಿ ಮೂರೂವರೆ ಎಕರೆಗೆ ಸುಮಾರು 12,040 ರೂಪಾಯಿ ಬರಬೇಕು. ನನಗೆ ಬಂದದ್ದು ಎರಡೇ ಎಕರೆಯದು.

ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಗುಮಾಸ್ತರು ಕಂಪ್ಯೂಟರ್ ನೋಡಿ, "ನಿಮ್ಮದು ಬಂದಿದೆಯಲ್ಲ, ಹೋಗಿ" ಅಂದರು. ಪರದೆ ಅವರ ಕಡೆಗೆ ತಿರುಗಿತ್ತು, ನನ್ನ ಕಡೆಗೆ ಅದರ ಬೆನ್ನು. ಮೂರು ಸಲ ಹೋದೆ. ಮೂರು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ನಾಲ್ಕನೆಯ ಸಲ ನಮ್ಮ ವೃತ್ತದ ಗ್ರಾಮ ಆಡಳಿತ ಅಧಿಕಾರಿ ಸಿಕ್ಕಿದರು. ಹಿಂದೆ ನಾವು ಶ್ಯಾನುಭೋಗರು ಅನ್ನುತ್ತಿದ್ದೆವು, ಆಮೇಲೆ ವಿ.ಎ. ಅಂದೆವು, ಈಗ ಇದು ಹೆಸರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಮ್ಮ ಫೋನ್ ತೆಗೆದು ನನ್ನ ಕೈಗೇ ಕೊಟ್ಟರು. "ನೀವೇ ನೋಡಿ ಯಜಮಾನ್ರೇ" ಅಂದರು.

ನೋಡಿದೆ. ಎರಡು ಎಕರೆ ಸರ್ವೆ ನಂಬರಿಗೆ 'ರಾಗಿ' ಅಂತ ಇತ್ತು. ಇನ್ನೊಂದು ಸರ್ವೆ ನಂಬರು, 1 ಎಕರೆ 20 ಗುಂಟೆ, ಅದರ ಮುಂದೆ 'ಬೀಳು' ಅಂತ ಇತ್ತು! ನಾನು ಎರಡು ಸಲ ಉತ್ತು, ಗೊಬ್ಬರ ಹೊಡೆದು, ಕೂರಿಗೆಯಲ್ಲಿ ಬಿತ್ತಿದ ಹೊಲ. ಪಕ್ಕದಲ್ಲೇ ಫೋಟೋ ಬೇರೆ. ಬದುವಿನ ಮೇಲೆ ಎಲ್ಲೋ ದೂರ ನಿಂತು ತೆಗೆದದ್ದು. ಹುಲ್ಲು ಕಾಣುತ್ತಿತ್ತು, ಒಣಗಿ ಗೇಣುದ್ದವಾಗಿದ್ದ ರಾಗಿ ಕಾಣುತ್ತಿರಲಿಲ್ಲ. ಸಮೀಕ್ಷೆಗೆ ಬಂದಿದ್ದ ಹುಡುಗ ದಿನಕ್ಕೆ ಎಷ್ಟು ಹೊಲ ತಿರುಗಬೇಕಿತ್ತೋ, ಒಳಗೆ ಇಳಿಯಲಿಲ್ಲ.

"ತಕರಾರು ಹಾಕಲು ಟೈಮ್ ಇತ್ತು. ಆಗಲೇ ನೋಡಿದ್ದರೆ ಸರಿ ಮಾಡಬಹುದಿತ್ತು" ಅಂದರು ಮೇಡಂ. ಎಲ್ಲಿ ನೋಡುವುದು, ಹೇಗೆ ನೋಡುವುದು ಅಂತ ನನಗೆ ಯಾರು ಹೇಳಿದ್ದರು? ನನ್ನ 5,160 ರೂಪಾಯಿ ಹೋದದ್ದು ಹೋಯಿತು. ನನ್ನ ಲೆಕ್ಕದಲ್ಲಿ ಅದು ಮುಂದಿನ ವರ್ಷದ ಉಳುಮೆ ಖರ್ಚು.

ಮಗಳೇ ಮೇಷ್ಟ್ರು

ನನ್ನ ಮಗಳು ಮೈಸೂರಿನಲ್ಲಿ ಡಿಗ್ರಿ ಓದುತ್ತಾಳೆ. ಅವರೆಕಾಯಿ, ಸೊಪ್ಪು ಇದ್ದಾಗ ನಾನು ಎಂ.ಜಿ. ರಸ್ತೆ ಮಾರುಕಟ್ಟೆಗೆ ಹೋಗುವುದುಂಟು. ವ್ಯಾಪಾರ ಮುಗಿಸಿ ಅವಳ ಹಾಸ್ಟೆಲಿನ ಹತ್ತಿರ ಹೋಗಿ ಬುತ್ತಿ ಕೊಟ್ಟು ಬರುವುದು ರೂಢಿ. ಅವಳಿಗೆ ವಿಷಯ ಹೇಳಿದೆ. "ಅಪ್ಪಾ, ಫೋನ್ ಇದೆ, ದಿನಾ ರಾತ್ರಿ ವಿಡಿಯೋ ನೋಡ್ತೀಯ. ನಿನ್ನ ಹೊಲ ಯಾಕೆ ನೋಡಲ್ಲ?" ಅಂತ ಕೇಳಿದಳು. ಮಾತು ಚುರುಕ್ ಅಂತು.

ಅವತ್ತಿನಿಂದ ಮೈಸೂರಿಗೆ ಹೋದಾಗಲೆಲ್ಲಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅರ್ಧ ಗಂಟೆ ಪಾಠ. ಮೊದಲ ದಿನ ಬರೀ ಪಾಸ್‌ವರ್ಡ್ ಅಂದರೇನು, ಓ.ಟಿ.ಪಿ. ಅಂದರೇನು. ಎರಡನೆಯ ದಿನ ಪಹಣಿ ನೋಡುವುದು. ನನ್ನ ಬೆರಳು ದಪ್ಪ, ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ. ಬೇಜಾರಾಗಿ ಫೋನ್ ಮಡಿಚಿ ಜೇಬಿಗೆ ಹಾಕಿದ್ದೂ ಉಂಟು. ಅವಳು ಬಿಡಲಿಲ್ಲ.

ನನಗೆ ಹಳೆಯದು ನೆನಪಾಯಿತು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಏಳನೇ ಕ್ಲಾಸ್ ಓದಿದ್ದ ನಾನೂ ನಮ್ಮೂರಲ್ಲಿ ಒಬ್ಬ ಸ್ವಯಂಸೇವಕ. ಗುಡಿ ಜಗುಲಿ ಮೇಲೆ ಲಾಟೀನು ಇಟ್ಟುಕೊಂಡು ನಮ್ಮಪ್ಪನಿಗೇ ಸಹಿ ಮಾಡಲು ಕಲಿಸಿದ್ದೆ. ಅಪ್ಪನ ಬೆರಳಿಗೆ ಬಳಪ ನಿಲ್ಲುತ್ತಿರಲಿಲ್ಲ. ಸೊಸೈಟಿಯಲ್ಲಿ ಮೊದಲ ಸಲ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿ ಬಂದ ದಿನ ಅಪ್ಪ ಊರೆಲ್ಲಾ ಹೇಳಿಕೊಂಡು ತಿರುಗಿದ್ದ. ಈಗ ನೋಡಿ, ಕಾಲ ಸುತ್ತಿ ಮತ್ತೆ ಹೆಬ್ಬೆಟ್ಟಿಗೇ ಬಂದಿದೆ. ರೇಷನ್ನಿಗೆ ಹೆಬ್ಬೆಟ್ಟು, ಇ-ಕೆವೈಸಿಗೆ ಹೆಬ್ಬೆಟ್ಟು. ಮಣ್ಣು ಕೆಲಸ ಮಾಡಿ ಮಾಡಿ ರೇಖೆ ಸವೆದ ಕೈ, ಯಂತ್ರ ಒಪ್ಪುವುದಿಲ್ಲ. ನನ್ನ ಹೆಂಡತಿಯದಂತೂ ಹತ್ತು ಬೆರಳೂ ಬರುವುದಿಲ್ಲ. ಇದಕ್ಕೂ ದಾರಿ ಇದೆ ಎನ್ನುವುದು ಕಲಿತ ಮೇಲೆ ಗೊತ್ತಾಯಿತು. ಆಧಾರಿಗೆ ಮೊಬೈಲ್ ನಂಬರು ಜೋಡಿಸಿದ್ದರೆ ಪಿ.ಎಂ. ಕಿಸಾನ್ ಇ-ಕೆವೈಸಿಯನ್ನು ಓ.ಟಿ.ಪಿ. ಮೇಲೆ ಮಾಡಬಹುದು. 2023ರಿಂದ ಮುಖ ತೋರಿಸಿಯೂ ಮಾಡಬಹುದು.

ನಾನು ಕಲಿತ ನಾಲ್ಕು ಕೆಲಸ

ಕಂಪ್ಯೂಟರ್ ಪೂರ್ತಿ ಕಲಿಯಬೇಕಿಲ್ಲ. ನಮ್ಮಂಥವರಿಗೆ ನಾಲ್ಕು ಕೆಲಸ ಬಂದರೆ ಸಾಕು ಅನ್ನುವುದು ನನ್ನ ಅನುಭವ.

ಒಂದು, ಪಹಣಿ ನೋಡುವುದು. 'ಭೂಮಿ' ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಕೊಟ್ಟರೆ ಕಾಣುತ್ತದೆ. ನೋಡುವುದಕ್ಕೆ ದುಡ್ಡಿಲ್ಲ. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲ ಸೋಲ. ಸಾಲ ತೀರಿಸಿದ ಮೇಲೂ 11ರಲ್ಲಿ ಹಾಗೇ ಉಳಿದಿದೆಯೇ ಅಂತ ನೋಡಿಕೊಳ್ಳಿ.

ಎರಡು, ಫ್ರೂಟ್ಸ್ ಐ.ಡಿ. ಬರ ಪರಿಹಾರ, ಬೆಂಬಲ ಬೆಲೆಗೆ ರಾಗಿ ಮಾರುವುದು, ಎಲ್ಲಕ್ಕೂ ಇದೇ ಆಧಾರ. ನಿಮ್ಮ ಎಲ್ಲಾ ಸರ್ವೆ ನಂಬರೂ ಅದರಲ್ಲಿ ಸೇರಿದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ. ಒಂದು ನಂಬರು ಬಿಟ್ಟುಹೋಗಿದ್ದರೆ ಆ ಹೊಲ ಸರ್ಕಾರದ ಲೆಕ್ಕಕ್ಕೆ ನಿಮ್ಮದಲ್ಲ.

ಮೂರು, ಬೆಳೆ ಸಮೀಕ್ಷೆ. ನನ್ನ ಹೊಟ್ಟೆ ಉರಿಸಿದ್ದು ಇದೇ. 2020ರ ಮುಂಗಾರಿನಿಂದ ರೈತನೇ ತನ್ನ ಬೆಳೆಯ ಫೋಟೋ ತೆಗೆದು ಹಾಕಬಹುದು. ಹೊಲದೊಳಗೇ ನಿಲ್ಲಬೇಕು, ಮನೆಯಲ್ಲಿ ಕೂತು ಆಗುವುದಿಲ್ಲ. ಯಾರೋ ಬಂದು ಮಾಡಿ ಹೋಗಿದ್ದರೂ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ಏನು ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಎಂದು ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಗಡುವು ದಾಟಿದರೆ ನನ್ನ ಪಾಡೇ ನಿಮಗೂ. ಸರ್ವೆ ನಂಬರಿನ ಎಲ್ಲೆ ಗೊತ್ತಾಗದಿದ್ದರೆ 'ದಿಶಾಂಕ್' ಎನ್ನುವ ಇನ್ನೊಂದು ಆ್ಯಪ್ ಇದೆ. ನಿಂತ ಜಾಗ ಯಾವ ಸರ್ವೆ ನಂಬರು ಅಂತ ಹೇಳುತ್ತದೆ.

ನಾಲ್ಕು, ಮೋಸ ತಿಳಿಯುವುದು. ಓ.ಟಿ.ಪಿ. ಯಾರಿಗೂ ಹೇಳಬಾರದು, ಬ್ಯಾಂಕಿನವರು ಅಂದರೂ ಹೇಳಬಾರದು. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಫೈಲು ಒತ್ತಬಾರದು. ಹಣ ಹೋದರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಮಾರುಕಟ್ಟೆಯಲ್ಲೂ ಅಷ್ಟೇ. "ದುಡ್ಡು ಹಾಕಿದ್ದೀನಿ ನೋಡಿ" ಅಂತ ಗಿರಾಕಿ ಅವರ ಫೋನ್ ತೋರಿಸಿದರೆ ನಾನು ನನ್ನ ಫೋನ್ ನೋಡಿದ ಮೇಲೇ ಅವರೆಕಾಯಿ ಚೀಲ ಕೊಡುವುದು.

ನೌಕರರ ಕಷ್ಟವೂ ಕಷ್ಟವೇ

ನಮ್ಮ ಕಡೆ ನೌಕರರನ್ನು ಬಯ್ಯುವುದು ಸುಲಭ. ಆದರೆ ಆ ಮೇಡಂ ಫೋನ್ ಕೊಟ್ಟಾಗ ಅದರಲ್ಲಿ ಸಾಲು ಸಾಲು ಆ್ಯಪ್ ಕಂಡೆ. "ಇದು ನನ್ನ ಸ್ವಂತ ಫೋನು, ಕರೆನ್ಸಿಯೂ ನಂದೇ" ಅಂದರು. ಇದು ಅವರೊಬ್ಬರ ಮಾತಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಆ್ಯಪ್ ಕೆಲಸ ನಿಲ್ಲಿಸಿ ಮುಷ್ಕರ ಕೂತರು. ಒಂದಾದ ಮೇಲೊಂದು ಆ್ಯಪ್ ಹೇರುತ್ತೀರಿ, ಮೊಬೈಲು, ಲ್ಯಾಪ್‌ಟಾಪು ಕೊಡುವುದಿಲ್ಲ ಎನ್ನುವುದೂ ಅವರ ದೂರುಗಳಲ್ಲಿ ಒಂದು. ನಮ್ಮ ಎತ್ತಿಗೆ ಮೇವು ಹಾಕದೆ ನೊಗ ಕಟ್ಟಿದ ಹಾಗೆ.

ನೌಕರರು ಕಂಪ್ಯೂಟರ್ ಕಲಿಯಲೇಬೇಕು ಎಂದು 2012ರಲ್ಲೇ ಸರ್ಕಾರ ನಿಯಮ ಮಾಡಿ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇಟ್ಟಿತು. ಪಾಸು ಮಾಡಲು ಕೊಟ್ಟ ಗಡುವನ್ನು ಎಷ್ಟೋ ಸಲ ಮುಂದೂಡಿದ್ದೂ ಆಯಿತು. ಪರೀಕ್ಷೆ ಪಾಸಾಗುವುದು ಬೇರೆ, ಎದುರಿಗೆ ನಿಂತ ರೈತನಿಗೆ ತಿಳಿಸಿ ಹೇಳುವುದು ಬೇರೆ.

ಹೀಗೆ ಹೇಳಲು ನಮ್ಮ ಮೈಸೂರೇ ಸರಿಯಾದ ಜಾಗ. ರಾಜ್ಯದ ಅಧಿಕಾರಿಗಳಿಗೆ ಪಾಠ ಹೇಳುವ ಆಡಳಿತ ತರಬೇತಿ ಸಂಸ್ಥೆ ಇರುವುದು ಇಲ್ಲಿಯ ಲಲಿತಮಹಲ್ ರಸ್ತೆಯಲ್ಲಿ. ಪಂಚಾಯ್ತಿ ಸದಸ್ಯರಿಗೆ, ನೌಕರರಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್‌ಸಾಬ್ ಸಂಸ್ಥೆಯೂ ಮೈಸೂರಿನದೇ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿಯ ಹೆಸರು ಅದು. ಇಲ್ಲಿ ಕೂತು ಉಪಗ್ರಹದ ಮೂಲಕ ಪಾಠ ಹೇಳಿ, ತಾಲ್ಲೂಕುಗಳಲ್ಲಿ ಟಿ.ವಿ. ಮುಂದೆ ಕೂತವರಿಗೆ ತಲುಪಿಸುವ ಕೆಲಸವನ್ನೂ ಆ ಸಂಸ್ಥೆ ಮಾಡಿದೆ. ಅಲ್ಲಿ ಕಲಿಸುವವರಿಗೆ ನನ್ನದೊಂದು ವಿನಂತಿ. ಯಾವ ಗುಂಡಿ ಎಲ್ಲಿ ಒತ್ತಬೇಕು ಎಂದು ನೌಕರರಿಗೆ ಕಲಿಸಿದ ಮೇಲೆ, ಪರದೆಯಲ್ಲಿ ಇರುವುದನ್ನು ರೈತನಿಗೆ ಓದಿ ಹೇಳುವುದನ್ನೂ ಒಂದು ಪಾಠ ಮಾಡಿ.

ಇದು ಹೊಸ ಮಾತೇನೂ ಅಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದಾಗ, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಎರಡು ಪರದೆ ಇಡುವ ಏರ್ಪಾಟು ಮಾಡಿದ್ದರು. ಒಂದು ನೌಕರರಿಗೆ, ಇನ್ನೊಂದು ಕಿಟಕಿಯ ಈಚೆ ನಿಂತ ರೈತನಿಗೆ. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಶ್ಯಾನುಭೋಗರ ಮನೆ ಬಾಗಿಲು ಕಾಯುವುದು ತಪ್ಪಿತು. ಅವತ್ತು ಇದ್ದ ಆ ಎರಡನೇ ಪರದೆಯ ಬುದ್ಧಿ ಇವತ್ತು ಎಲ್ಲಾ ಕಚೇರಿಗೂ ಬೇಕು.

ನಾವು ಮಾಡುತ್ತಿರುವುದು

ಹಳ್ಳಿಯವರಿಗೆ ಕಲಿಸಲು ಕೇಂದ್ರ ಸರ್ಕಾರ 2017ರಲ್ಲಿ ಡಿಜಿಟಲ್ ಸಾಕ್ಷರತಾ ಅಭಿಯಾನ ತಂದಿತ್ತು. ಮನೆಗೊಬ್ಬರಿಗೆ 20 ಗಂಟೆ ಪಾಠ. ವಯಸ್ಸು 14ರಿಂದ 60. ಅದು 2024ರ ಮಾರ್ಚಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಸೊಸೆ ಸರ್ಟಿಫಿಕೇಟ್ ತಂದಿದ್ದಳು. ಅದು ಟ್ರಂಕಿನಲ್ಲಿದೆ. ಅವಳಿಗೆ ಮೇಲ್ ಕಳಿಸಲು ಬರುತ್ತದೆ, ಬೆಳೆ ಸಮೀಕ್ಷೆ ನೋಡಲು ಬರುತ್ತಿರಲಿಲ್ಲ. ಸಾಕ್ಷರತಾ ಆಂದೋಲನದಲ್ಲಿ ನಾವು ಕಂಡುಕೊಂಡದ್ದು ಒಂದೇ. ಮೊದಲು ಅವರ ಹೆಸರು ಬರೆಸು, ಬಸ್ಸಿನ ಬೋರ್ಡು ಓದಿಸು, ಉಳಿದದ್ದು ಆಮೇಲೆ. ಇದಕ್ಕೂ ಅದೇ ದಾರಿ.

2024ರ ಮುಂಗಾರಿನಲ್ಲಿ ನನ್ನ ಎರಡೂ ಹೊಲದ ಫೋಟೋ ನಾನೇ ಹಾಕಿದೆ. ಮೊದಲನೆಯದಕ್ಕೆ ಒಂದೂವರೆ ಗಂಟೆ ಹಿಡಿಯಿತು, ಸಿಗ್ನಲ್ ಇಲ್ಲದೆ ಮೂರು ಸಲ ನಿಂತುಹೋಯಿತು. ಎರಡನೆಯದಕ್ಕೆ ಹತ್ತು ನಿಮಿಷ. ಆಮೇಲೆ 'ಬೆಳೆ ದರ್ಶಕ್'ನಲ್ಲಿ ನೋಡಿದೆ. ಎರಡಕ್ಕೂ 'ರಾಗಿ' ಅಂತ ಬಂದಿತ್ತು. ಸಾಲಿನ ಅವರೆ ಮಾತ್ರ ಒಂದರಲ್ಲಿ ಬಿಟ್ಟುಹೋಗಿತ್ತು, ಅದು ನನ್ನದೇ ತಪ್ಪು.

ಈಗ ಸಮೀಕ್ಷೆ ಕಾಲದಲ್ಲಿ ಶನಿವಾರ ಸಂಜೆ ಪಂಚಾಯ್ತಿ ಲೈಬ್ರರಿಯಲ್ಲಿ ಐದಾರು ಜನ ಕೂರುತ್ತೇವೆ. ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ, ಒಂದು ಕಂಪ್ಯೂಟರ್ ಇದೆ. ಒಬ್ಬೊಬ್ಬರ ಸರ್ವೆ ನಂಬರು ಹಾಕಿ ಅವರ ಕಣ್ಣಿಗೇ ತೋರಿಸುವುದು. ಮೊದಲ ವಾರವೇ ಒಬ್ಬ ವಿಧವೆಯ ಹೊಲ ಫ್ರೂಟ್ಸ್‌ಗೆ ಸೇರಿಲ್ಲದ್ದು ಗೊತ್ತಾಯಿತು. ಪಹಣಿ ಇನ್ನೂ ತೀರಿಹೋದ ಗಂಡನ ಹೆಸರಲ್ಲೇ ಇತ್ತು. ಪೌತಿ ಖಾತೆಗೆ ಅರ್ಜಿ ಕೊಡಿಸಿದ್ದೇವೆ. ಕೆಲಸ ಇನ್ನೂ ಆಗಿಲ್ಲ, ಬಿಡುವುದಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಈ ಸಂಚಿಕೆ ಓದಿ ಮಡಿಚಿಡುವ ಮೊದಲು ಮನೆಯ ಮಗನನ್ನೋ ಮೊಮ್ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ನಿಮ್ಮ ಒಂದು ಸರ್ವೆ ನಂಬರು ಹಾಕಿಸಿ ನೋಡಿ. ಮೊದಲ ಸಲ ಅವರು ಒತ್ತಲಿ. ಎರಡನೆಯ ಸಲ ಫೋನು ನಿಮ್ಮ ಕೈಯಲ್ಲಿರಲಿ. ನಿಮ್ಮ ಹೊಲವನ್ನೂ ಯಾರಾದರೂ 'ಬೀಳು' ಎಂದು ಬರೆದಿದ್ದಾರೇನೋ, ಗಡುವು ಇರುವಾಗಲೇ ಗೊತ್ತಾಗಲಿ.