ಹೊಸ ಕಾರ್ಡು, ಹಳೇ ಎಸ್‌ಎಂಪಿಎಸ್

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ದುಬೈನವರಿಗೆ ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆ ಹಾಗೆ. ಜನ ಅದನ್ನು ಕರೆಯುವುದೇ ಕಂಪ್ಯೂಟರ್ ಸ್ಟ್ರೀಟ್ ಎಂದು. ಅಲ್ಲೇ ಸಮೀಪದ ಮನ್ಖೂಲ್ ರಸ್ತೆಯ ಅಲ್ ಐನ್ ಸೆಂಟರ್‌ಗೆ ಹೋದರೆ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಮಗನ ಗೇಮಿಂಗ್‌ಗೋ ತಮ್ಮದೇ ವಿಡಿಯೊ ಎಡಿಟಿಂಗ್‌ಗೋ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡು ಹಳೆಯ ಡೆಸ್ಕ್‌ಟಾಪಿಗೆ ಹಾಕಿಕೊಂಡವರಿಗೆ ಎದುರಾಗುವ ತಲೆನೋವು ಬಹುಮಟ್ಟಿಗೆ ಒಂದೇ ಬಗೆಯದು. ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ತೆರೆದುಕೊಳ್ಳುತ್ತದೆ, ಇಮೇಲ್, ಯೂಟ್ಯೂಬ್ ಎಲ್ಲ ಸರಿಯಾಗಿಯೇ ಇರುತ್ತದೆ. ಆಟವೋ ಭಾರಿ ಕೆಲಸವೋ ಶುರುವಾದೊಡನೆ ಪಟ್ಟನೆ ಆಫ್. ಆಗ ಬೈಗುಳ ಬೀಳುವುದು ಹೊಸ ಕಾರ್ಡಿಗೆ, ಇಲ್ಲವೇ ವಿಂಡೋಸಿಗೆ, ಇಲ್ಲವೇ ಮರುಭೂಮಿಯ ಬಿಸಿಲಿಗೆ. ಆದರೆ ಮೊದಲು ವಿಚಾರಿಸಿಕೊಳ್ಳಬೇಕಾದ್ದು ಅಪ್‌ಗ್ರೇಡ್ ಮಾಡುವಾಗ ಯಾರೂ ಮುಟ್ಟದೆ ಬಿಟ್ಟ ಭಾಗವನ್ನು, ಅಂದರೆ ಎಸ್‌ಎಂಪಿಎಸ್ ಅನ್ನು. ಆ ವಿಚಾರಣೆಯನ್ನು ಒಂದು ದಿರ್ಹಮ್ ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದು.

ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂತ ಈ ಲೋಹದ ಡಬ್ಬಿಯ ಕೆಲಸ, ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವುದು. ಜೊತೆಗೆ ಅದಕ್ಕೆ ಕಾವಲು ಕೆಲಸವೂ ಇದೆ. ಕರೆಂಟ್ ಮಿತಿ ಮೀರಿದರೆ, ಶಾರ್ಟ್ ಆದರೆ, ತಾನೇ ವಿಪರೀತ ಬಿಸಿಯಾದರೆ ಅದು ಎಲ್ಲ ಸರಬರಾಜನ್ನೂ ಒಮ್ಮೆಗೇ ಕಡಿದುಬಿಡುತ್ತದೆ. ಗೀಸರ್, ಮೋಟಾರು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದಾಗ ಮನೆಯ ಎಂಸಿಬಿ ಬೀಳುವ ಹಾಗೆಯೇ ಇದು. ಎಂಸಿಬಿ ಬಿದ್ದಾಗ ಅದು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಭಾರ ಹೆಚ್ಚಾಯಿತು ಎನ್ನುತ್ತೇವೆ. ಅಪ್‌ಗ್ರೇಡ್ ಆದಮೇಲೆ ಆಫ್ ಆಗುವ ಕಂಪ್ಯೂಟರಿನ ಬಗ್ಗೆಯೂ ಮೊದಲು ಹೀಗೆಯೇ ಯೋಚಿಸಬೇಕು: ಯಾವ ಕಾವಲು ಎಚ್ಚೆತ್ತಿತು, ಯಾಕೆ ಎಚ್ಚೆತ್ತಿತು?

ಗೋಡೆಯ ಕರೆಂಟೇ ಸರಿಯಿಲ್ಲದಿರಬಹುದಲ್ಲ ಎಂಬ ಸಂಶಯ ನಮ್ಮವರಿಗೆ ಸಹಜ. ಲೋಡ್‌ಶೆಡ್ಡಿಂಗ್, ಲೋ ವೋಲ್ಟೇಜ್ ನೋಡಿಯೇ ಬೆಳೆದವರು ನಾವು. ದುಬೈನಲ್ಲಿ ಈ ಸಂಶಯಕ್ಕೆ ಆಧಾರ ಕಡಿಮೆ. ‘ದೇವಾ’ ಎಂದೇ ಜನ ಕರೆಯುವ ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರದ ವರದಿಗಳ ಪ್ರಕಾರ, ಗ್ರಾಹಕನೊಬ್ಬನಿಗೆ ಇಡೀ ವರ್ಷದಲ್ಲಿ ಕರೆಂಟ್ ತಪ್ಪುವ ಸರಾಸರಿ ಅವಧಿ 2019ರಿಂದೀಚೆಗೆ ಎರಡು ನಿಮಿಷವನ್ನೂ ಮುಟ್ಟಿಲ್ಲ. ಅಲ್ಲಿನ ಮೂರು ಚಪ್ಪಟೆ ಪಿನ್ನಿನ ಪ್ಲಗ್ಗಿನಲ್ಲಿ 13 ಆಂಪಿಯರ್‌ವರೆಗಿನ ಫ್ಯೂಸ್ ಇರುತ್ತದೆ. 230 ವೋಲ್ಟಿಗೆ ಅದು ಹೆಚ್ಚುಕಡಿಮೆ 3000 ವ್ಯಾಟ್ ಆಯಿತು. ಮನೆಬಳಕೆಯ ಎಂಥ ಗೇಮಿಂಗ್ ಪಿಸಿಯೂ ಅದರ ಅರ್ಧಕ್ಕೆ ಏರುವುದು ಅಪರೂಪ. ಊರಿನಿಂದ ತಂದ ದುಂಡು ಪಿನ್ನಿನ ವೈರಿಗೆ ಸಿಕ್ಕಿಸಿದ ಸಡಿಲ ಅಡಾಪ್ಟರ್, ಹತ್ತು ಸಾಮಾನು ನೇತುಹಾಕಿದ ಎಕ್ಸ್‌ಟೆನ್ಷನ್ ಬೋರ್ಡ್ ಇವನ್ನು ಒಮ್ಮೆ ತೆಗೆದು ನೇರ ಗೋಡೆಗೆ ಹಾಕಿ ನೋಡಿದರೆ ಆ ಅಧ್ಯಾಯ ಮುಗಿಯಿತು. ಇದೇ ಯಂತ್ರ ಮಂಗಳೂರಿನಲ್ಲೋ ಉಡುಪಿಯಲ್ಲೋ ಇದ್ದರೆ ಮಾತ್ರ ಇನ್ನೊಬ್ಬ ಶಂಕಿತ ಸೇರುತ್ತಾನೆ: ಯುಪಿಎಸ್. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ನಿಜಕ್ಕೂ ತಾಳುವುದು 360 ವ್ಯಾಟ್ ಆಸುಪಾಸು. ಹೊಸ ಕಾರ್ಡ್ ಬಂದಮೇಲೆ ಅದೇ ಕೈಕೊಟ್ಟರೆ ಆಶ್ಚರ್ಯವಿಲ್ಲ.

ಎರಡನೆಯ ಆಕ್ಷೇಪ ಸೆಕೆಯದು, ಇದು ಹೆಚ್ಚು ಗಟ್ಟಿಯಾದದ್ದು. 2025ರ ಮೇ 24ರಂದು ಅಬುಧಾಬಿ ಎಮಿರೇಟಿನ ಸ್ವೈಹಾನ್‌ನಲ್ಲಿ 51.6 ಡಿಗ್ರಿ ದಾಖಲಾದ ದೇಶ ಯುಎಇ. ಆದರೆ ಇಂದಿನ ಪ್ರೊಸೆಸರ್‌ಗಳು ಬಿಸಿಗೆ ತಟ್ಟನೆ ಸಾಯುವಂಥವಲ್ಲ. ಎಎಂಡಿಯ ರೈಜನ್ 7000 ಸರಣಿ 95 ಡಿಗ್ರಿ, ಇಂಟೆಲ್‌ನ ಹಲವು ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದಾಗ ಮೊದಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆಟ ಕುಂಟತೊಡಗುತ್ತದೆ, ಫ್ಯಾನುಗಳು ಅಬ್ಬರಿಸುತ್ತವೆ. ಅಷ್ಟಾಗಿಯೂ ಬಿಸಿ ಇಳಿಯದಿದ್ದರೆ ಮಾತ್ರ ಆಫ್. ಸೆಕೆ ಹೀಗೆ ಹೇಳಿ ಬರುತ್ತದೆ, ನಿಮಿಷಗಟ್ಟಲೆ ಸಮಯ ತೆಗೆದುಕೊಳ್ಳುತ್ತದೆ. ಹಾಗೆಂದು ಸೆಕೆ ಪೂರ್ತಿ ನಿರಪರಾಧಿಯೂ ಅಲ್ಲ. ಒಳ್ಳೆಯ ಎಸ್‌ಎಂಪಿಎಸ್‌ಗಳು 50 ಡಿಗ್ರಿ ಬಿಸಿಯಲ್ಲೂ ಪೂರ್ತಿ ವ್ಯಾಟ್ ಕೊಡುವ ಭರವಸೆ ನೀಡುತ್ತವೆ. ಅಗ್ಗದವುಗಳ ಅಳತೆ 40 ಡಿಗ್ರಿಗೋ ಅದಕ್ಕಿಂತ ಕಡಿಮೆಗೋ ನಿಂತಿರುತ್ತದೆ. ಎಸಿ ಆಫ್ ಮಾಡಿದ ಕೋಣೆಯಲ್ಲಿ, ಗೋಡೆಗೆ ಒತ್ತರಿಸಿದ ಮೇಜಿನಡಿ, ಧೂಳು ಕಟ್ಟಿದ ಜಾಲರಿಯ ಹಿಂದೆ ಅಥವಾ ಕಾರ್ಪೆಟ್ ಮೇಲೆ ಉಸಿರುಗಟ್ಟಿ ಕೂತ ಡಬ್ಬಿ ತನ್ನ ಮಿತಿಯನ್ನು ಬೇಗ ಮುಟ್ಟುತ್ತದೆ. ಸೆಕೆ ಇಲ್ಲಿ ಅಪರಾಧಕ್ಕೆ ಕೈಜೋಡಿಸಿದ್ದು ಮಾತ್ರ.

ಮೂಲ ಲೆಕ್ಕ ಇರುವುದು ವ್ಯಾಟಿನಲ್ಲಿ. 2016ರಲ್ಲಿ ಬಂದು ಮನೆಮಾತಾದ ಜಿಟಿಎಕ್ಸ್ 1060 ಕಾರ್ಡಿಗೆ 120 ವ್ಯಾಟ್ ಸಾಕಿತ್ತು. 2020ರ ಆರ್‌ಟಿಎಕ್ಸ್ 3080 ಕೇಳಿದ್ದು 320. 2025ರ ಆರ್‌ಟಿಎಕ್ಸ್ 5090ಕ್ಕೆ 575 ಬೇಕು. ಇಂಟೆಲ್‌ನ ಐ7-13700ಕೆ ಪ್ರೊಸೆಸರ್ ಪೂರ್ತಿ ದುಡಿಯುವಾಗ 253 ವ್ಯಾಟ್ ಎಳೆಯಬಲ್ಲದು. ಅದನ್ನೂ 3080 ಕಾರ್ಡನ್ನೂ ಕೂಡಿಸಿದರೆ 573. ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆ ಇನ್ನೊಂದು 50 ಹಿಡಿಯಿರಿ. ಕಾಗದದ ಮೇಲೆ 650 ವ್ಯಾಟಿನ ಎಸ್‌ಎಂಪಿಎಸ್ ಸಾಕು ಎನಿಸುತ್ತದೆ. ಹಾಗಿದ್ದೂ ಎನ್ವಿಡಿಯಾ ಆ ಕಾರ್ಡಿಗೆ ಶಿಫಾರಸು ಮಾಡಿದ್ದು 750 ವ್ಯಾಟ್. ಕಾರಣ, ಕಾರ್ಡಿನ ಮೇಲೆ ಬರೆದ ವ್ಯಾಟ್ ಬರೀ ಸರಾಸರಿ. ಆಟದ ದೃಶ್ಯ ಬದಲಾಗುವ ಗಳಿಗೆಯಲ್ಲಿ, ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತು, ಕಾರ್ಡ್ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. ಕಣ್ಣಿಗೆ ಕಾಣದ ಆ ಜಿಗಿತವನ್ನು ಎಸ್‌ಎಂಪಿಎಸ್‌ನ ಕಾವಲು ಕಾಣುತ್ತದೆ. ಈ ಸಮಸ್ಯೆ ಬಳಕೆದಾರರ ಕಲ್ಪನೆಯಲ್ಲ ಎಂಬುದಕ್ಕೆ ಉದ್ಯಮವೇ ಸಾಕ್ಷಿ: 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ, ಶಕ್ತಿಶಾಲಿ ಕಾರ್ಡುಗಳಿಗೆಂದೇ ಮಾಡಿದ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡರಷ್ಟು ಜಿಗಿತವನ್ನು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲು ಹೊತ್ತು ತಾಳಬೇಕೆಂಬ ನಿಯಮ ಸೇರಿತು.

‘ನನ್ನದು 750 ವ್ಯಾಟ್, ಮೇಲೆ ಗೋಲ್ಡ್ ಸ್ಟಿಕರ್ ಬೇರೆ ಇದೆ, ಆದರೂ ಆಫ್ ಆಗುತ್ತದೆ’ ಎನ್ನುವವರಿದ್ದಾರೆ. ಗೋಲ್ಡ್, ಬ್ರಾಂಜ್ ಎಂಬ 80 ಪ್ಲಸ್ ಗುರುತುಗಳು ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಜಿಗಿತ ತಾಳುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲದೆ ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಕೆಪಾಸಿಟರ್‌ಗಳು ಹೊಸದರಲ್ಲಿ ಇದ್ದಂತೆ ಉಳಿಯುವುದಿಲ್ಲ. ಕೇಬಲ್ಲನ್ನೂ ನೋಡಬೇಕು. ಎಂಟು ಪಿನ್ನಿನ ಒಂದು ಕನೆಕ್ಟರಿನ ಪಾಲು 150 ವ್ಯಾಟ್, ಮದರ್‌ಬೋರ್ಡಿನ ಸ್ಲಾಟಿನದು 75. ಎರಡು ಕನೆಕ್ಟರ್ ಬೇಡುವ ಕಾರ್ಡಿಗೆ ಒಂದೇ ಕೇಬಲ್ಲಿನ ಕವಲೊಡೆದ ಎರಡು ತುದಿಗಳನ್ನು ಚುಚ್ಚಿದರೆ ಅಷ್ಟೂ ಭಾರ ಒಂದೇ ವೈರಿನ ಮೇಲೆ ಬೀಳುತ್ತದೆ. ಎರಡು ಪ್ರತ್ಯೇಕ ಕೇಬಲ್ ಹಾಕಿದ್ದರಿಂದಲೇ ಗುಣವಾಗುವ ಯಂತ್ರಗಳುಂಟು. ಕನೆಕ್ಟರ್ ಪೂರ್ತಿ ಕೂತಿದೆಯೇ ಎಂಬುದೂ ಚಿಲ್ಲರೆ ಮಾತಲ್ಲ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ 16 ಪಿನ್ನಿನ ಕನೆಕ್ಟರ್‌ಗಳು ಕರಗಿದಾಗ, ಪೂರ್ತಿ ಒತ್ತಿ ಕೂರಿಸದಿರುವುದು ಸಾಮಾನ್ಯ ಕಾರಣವೆಂದು ಎನ್ವಿಡಿಯಾ ಹೇಳಿತು. ಮರುವರ್ಷ ಆ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಲಾಯಿತು. ಇನ್ನು ಕಚೇರಿಗಳಿಂದ ಹೊರಬಂದ ಬ್ರ್ಯಾಂಡೆಡ್ ಹಳೆ ಡೆಸ್ಕ್‌ಟಾಪ್ ಕೊಂಡು ಕಾರ್ಡ್ ಹಾಕುವವರಿಗೆ ಲೆಕ್ಕವೇ ಬೇಕಾಗಿಲ್ಲ: ಅಂಥ ಹಲವು ಯಂತ್ರಗಳ ಎಸ್‌ಎಂಪಿಎಸ್ 300 ವ್ಯಾಟನ್ನೂ ಮುಟ್ಟುವುದಿಲ್ಲ.

ಎಲ್ಲ ಆಫ್‌ಗಳೂ ಒಂದೇ ಅಲ್ಲ, ಆಫ್ ಆಗುವ ರೀತಿಯೇ ಮೊದಲ ಸಾಕ್ಷ್ಯ. ಬಟನ್ ಒತ್ತಿದ ಎರಡು ಮೂರು ಸೆಕೆಂಡಿನಲ್ಲೇ ಆರಿದರೆ ವ್ಯಾಟಿನ ಕೊರತೆಯನ್ನು ಬಿಟ್ಟು ಜೋಡಣೆಯನ್ನು ನೋಡಬೇಕು: ಮದರ್‌ಬೋರ್ಡಿನ ಅಡಿ ಸಿಕ್ಕ ಸ್ಕ್ರೂ, ಅರ್ಧ ಕೂತ ಕಾರ್ಡ್, ಸಡಿಲವಾದ ಪ್ರೊಸೆಸರ್ ಪವರ್ ಕೇಬಲ್. ಹತ್ತಿಪ್ಪತ್ತು ನಿಮಿಷ ದುಡಿದು, ಬಿಸಿಯಾಗಿ, ಆಮೇಲೆ ಆರಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಥರ್ಮಲ್ ಪೇಸ್ಟ್ ಸಾಲದು ಅಥವಾ ಹೊಸ ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ತೆಗೆದೇ ಇಲ್ಲ. ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆದರೆ ರ್‍ಯಾಮ್ ಅಥವಾ ಡ್ರೈವರ್ ಕಡೆ ನೋಡಿ. ಭಾರ ಬಿದ್ದ ಕ್ಷಣವೇ, ನೀಲಿ ಪರದೆಯೂ ಇಲ್ಲದೆ ಕತ್ತಲಾದರೆ, ಅದರಲ್ಲೂ ಹಿಂದಿನ ಸ್ವಿಚ್ ಆರಿಸಿ ಹಾಕಿದ ಹೊರತು ಮತ್ತೆ ಆನ್ ಆಗದಿದ್ದರೆ, ಬೆರಳು ತೋರುವುದು ಎಸ್‌ಎಂಪಿಎಸ್‌ನ ಕಾವಲಿನತ್ತ. ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಸಾಲು ಕಂಡು ಇದು ಸಾಫ್ಟ್‌ವೇರ್ ದೋಷವೇ ಎಂದು ವಾದಿಸುವವರೂ ಇದ್ದಾರೆ. ಆ ಸಾಲಿನ ಅರ್ಥ ಇಷ್ಟೇ: ಕಳೆದ ಸಲ ಯಂತ್ರ ಕ್ರಮಬದ್ಧವಾಗಿ ಶಟ್‌ಡೌನ್ ಆಗಲಿಲ್ಲ. ಯಾಕೆ ಎಂಬುದನ್ನು ಅದು ಹೇಳುವುದಿಲ್ಲ. ಗೋಡೆಯ ಪ್ಲಗ್ ಕಿತ್ತರೂ ಅದೇ ಸಾಲು ಬರುತ್ತದೆ.

ಈಗ ವಿಚಾರಣೆಯ ಕ್ರಮ. ಮೊದಲು ಹೊಸ ಭಾಗ ತೆಗೆದು ಹಳೆಯದನ್ನು ಹಾಕಿ ಅದೇ ಕೆಲಸ ಮಾಡಿ. ಆಗಲೂ ಆರಿದರೆ ಕಾರ್ಡಿಗೆ ಬಿಡುಗಡೆ. ಕ್ಯಾಬಿನೆಟ್ ಬಿಚ್ಚುವಾಗ ಏನೋ ಅಲುಗಿದೆ, ಕೇಬಲ್‌ಗಳನ್ನೂ ಕೂಲರನ್ನೂ ಮತ್ತೆ ಒತ್ತಿ ಕೂರಿಸಿ. ಆರದಿದ್ದರೆ ಹೊಸ ಕಾರ್ಡನ್ನು ಮರಳಿ ಹಾಕಿ, ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶದಲ್ಲಿ ಅದರ ಪವರ್ ಲಿಮಿಟ್ಟನ್ನು ಶೇಕಡಾ 70ಕ್ಕೆ ಇಳಿಸಿ ಅದೇ ಆಟ ಆಡಿ. ಆಫ್ ಆಗುವುದು ನಿಂತರೆ ಕೊರತೆ ಇರುವುದು ವಿದ್ಯುತ್ತಿನಲ್ಲೇ ಎಂಬುದು ಬಹುಪಾಲು ಸಾಬೀತಾಯಿತು. ಎಚ್‌ಡಬ್ಲ್ಯುಇನ್ಫೋದಲ್ಲಿ ಬಿಸಿಯ ಮೇಲೆ ಕಣ್ಣಿಟ್ಟು, ಪ್ರೊಸೆಸರಿಗೆ ಮಾತ್ರ ಭಾರ ಹಾಕುವ ಸಿನಿಬೆಂಚ್‌ನ ಪ್ರೊಸೆಸರ್ ಪರೀಕ್ಷೆ, ಕಾರ್ಡಿಗೆ ಮಾತ್ರ ಭಾರ ಹಾಕುವ ಫರ್‌ಮಾರ್ಕ್ ಇವನ್ನು ಒಂದೊಂದಾಗಿ ನಡೆಸಿ. ಬೇರೆಬೇರೆಯಾಗಿ ತಾಳಿದ ಯಂತ್ರ ಎರಡನ್ನೂ ಒಟ್ಟಿಗೆ ನಡೆಸಿದಾಗ ಮಾತ್ರ ಆರಿದರೆ ಒಟ್ಟು ಭಾರವೇ ಕಾರಣ. ಪ್ರತಿ ಹಂತದಲ್ಲೂ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ತಿಳಿಯುವ ದಾರಿ ಮುಚ್ಚುತ್ತದೆ.

ಇಷ್ಟೆಲ್ಲ ಯಾಕೆ, ನೇರ ಹೊಸ ಎಸ್‌ಎಂಪಿಎಸ್ ತಂದು ಹಾಕಿದರಾಯಿತಲ್ಲ? ಊಹೆ ತಪ್ಪಿದರೆ ಹಣ ಹೋಯಿತು, ದೋಷ ಉಳಿಯಿತು. ಮದರ್‌ಬೋರ್ಡ್ ಶಾರ್ಟ್ ಆಗಿದ್ದರೆ ಹೊಸ ಡಬ್ಬಿಯೂ ಹಾಗೆಯೇ ಆರುತ್ತದೆ. ಬದಲಿಸುವುದೇ ಆದರೆ ಹಳೆಯ ಮಾಡ್ಯುಲರ್ (ಬಿಚ್ಚಿ ಜೋಡಿಸಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ತುದಿ ಹೊಂದಿದಂತೆ ಕಂಡರೂ ಒಳಗಿನ ವೈರುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಡಿಸ್ಕ್ ಸುಟ್ಟು ವರ್ಷಗಳ ಫೋಟೊ ಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಸ್ವಲ್ಪ ಕಾಲ ಉಳಿದಿರಬಹುದು.

ಕಾರ್ಡೇ ದೋಷಿಯಾಗಿರುವ ಪ್ರಕರಣಗಳೂ ಇವೆ. ಸಾಕಷ್ಟು ಶಕ್ತಿಯ, ಬೇರೆಡೆ ಪರೀಕ್ಷಿಸಿದ ಎಸ್‌ಎಂಪಿಎಸ್‌ನಲ್ಲೂ ಅದು ಆಫ್ ಮಾಡಿಸಿದರೆ ಬಿಲ್ಲಿನೊಂದಿಗೆ ಅಂಗಡಿಗೆ ಮರಳಿ. ದೋಷವಿರುವ ಸರಕನ್ನು ದುರಸ್ತಿ ಮಾಡಿಸಿಕೊಳ್ಳುವ, ಬದಲಿಸಿಕೊಳ್ಳುವ ಅಥವಾ ಹಣ ಮರಳಿ ಪಡೆಯುವ ಹಕ್ಕಿಗೆ ಯುಎಇಯಲ್ಲಿ 2020ರ 15ನೇ ಸಂಖ್ಯೆಯ ಗ್ರಾಹಕ ರಕ್ಷಣಾ ಕಾನೂನಿನ ಬಲವಿದೆ. ರಜೆಗೆ ಊರಿಗೆ ಹೊರಟಾಗ ತಮ್ಮನಿಗೆಂದು ಕಾರ್ಡ್ ಒಯ್ಯುವವರು ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅನೇಕ ವಾರಂಟಿಗಳು ಕೊಂಡ ದೇಶಕ್ಕೇ ಸೀಮಿತ. ಇನ್ನು ಕಾರ್ಡ್ ಕೊಳ್ಳಲು ಹೊರಡುವ ಎಲ್ಲರಿಗೂ ಒಂದು ಮಾತು: ಮನೆ ಬಿಡುವ ಮುನ್ನ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕಾರ್ಡಿನ ಬೆಲೆ ಕೇಳುವ ಮೊದಲು ಆ ಫೋಟೊ ತೋರಿಸಿ, ಇದು ತಾಳುತ್ತದೆಯೇ ಎಂದು ಕೇಳಿ. ತಾಳದಿದ್ದರೆ ಹೊಸ ಎಸ್‌ಎಂಪಿಎಸ್‌ನ ಬೆಲೆಯನ್ನೂ ಸೇರಿಸಿಯೇ ಬಜೆಟ್ ಹಾಕಿಕೊಳ್ಳಿ.